ಹಳೆಯ ಜೀಪು ಕೊಳ್ಳುವ ಮುನ್ನ

ಡಾಮರು ರಸ್ತೆ ಗುಡ್ಡದ ಮೇಲೆ, ಮನೆ ಮತ್ತು ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ, ನಡುವೆ ಮಳೆಗಾಲದಲ್ಲಿ ತೋಡಿನಂತೆ ಹರಿಯುವ ಮಣ್ಣುದಾರಿ. ಕಾಸರಗೋಡಿನ ಒಳನಾಡಿನಲ್ಲಿ ಇಂದಿಗೂ ಅನೇಕ ಕೃಷಿಕ ಕುಟುಂಬಗಳ ಪಾಡು ಇದುವೇ. ಗೊಬ್ಬರದ ಚೀಲ ಇಳಿಸುವುದಕ್ಕೂ, ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಇಂತಹ ಕಡೆ ಜೀಪೇ ಗತಿ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲವಾದುದರಿಂದ ಹಳೆಯದನ್ನು ಅರಸಿಕೊಂಡು ಪುತ್ತೂರು, ಸುಳ್ಯ, ಮಡಿಕೇರಿಗಳ ಕಡೆ ಹೋಗುವವರು ಬಹಳ. ವರ್ಷದ ಬೆಳೆಯ ಹಣ ಒಮ್ಮೆಗೇ ಕೈಬಿಡುವ ಈ ವ್ಯವಹಾರದಲ್ಲಿ ಏನನ್ನು ನೋಡಿಕೊಳ್ಳಬೇಕೆಂಬುದನ್ನು ನಾವು ಇಲ್ಲಿ ಕ್ರಮವಾಗಿ ಹೇಳಲು ಯತ್ನಿಸಿದ್ದೇವೆ.

ಯಾವ ಗಾಡಿ?

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲೀಸ್ ಜೀಪಿನ ವಂಶವೇ ನಮ್ಮಲ್ಲಿ ಮಹೀಂದ್ರ ಜೀಪಾಗಿ ಬೆಳೆಯಿತು. ೧೯೮೫ರಲ್ಲಿ ಮಾರುತಿ ಜಿಪ್ಸಿಯೂ ೨೦೧೦ರಲ್ಲಿ ಮಹೀಂದ್ರ ಥಾರ್ ಕೂಡ ಬಂದವು. ಜಿಪ್ಸಿಯನ್ನು ಸಾರ್ವಜನಿಕರಿಗೆ ಮಾರುವುದು ೨೦೧೯ರ ಹೊತ್ತಿಗೆ ನಿಂತಿತು. ಆದ್ದರಿಂದ ಸಂತೆಯಲ್ಲಿರುವ ಜಿಪ್ಸಿಗಳೆಲ್ಲವೂ ಬಳಸಿದವುಗಳೇ.

ಜೀಪಿನ ರೂಪವಿದ್ದ ಮಾತ್ರಕ್ಕೆ ನಾಲ್ಕೂ ಚಕ್ರಗಳಿಗೆ ಬಲವಿರುತ್ತದೆಂದು ನಂಬಬಾರದು. ಮಹೀಂದ್ರದ ಹಲವು ಜೀಪುಗಳು ಹಿಂದಿನ ಎರಡು ಚಕ್ರಗಳಿಂದಷ್ಟೇ ಓಡುವ ರೀತಿಯಲ್ಲೂ ಬಂದಿವೆ. ಬಗ್ಗಿ ಕೆಳಗೆ ನೋಡಿದರೆ ಸಾಕು. ಮುಂದಿನ ಆಕ್ಸಲಿನಲ್ಲಿಯೂ ಹಿಂದಿನಂತೆ ಡಿಫರೆನ್ಷಿಯಲ್ಲಿನ ಗುಂಡು ಭಾಗ, ಅದಕ್ಕೆ ಸೇರುವ ಶಾಫ್ಟು ಇವೆರಡೂ ಇದ್ದರೆ ಮಾತ್ರ ಅದು ನಾಲ್ಕು ಚಕ್ರದ ಚಾಲನೆಯ ಗಾಡಿ.

ಅಡಿಯಿಂದ ಆರಂಭ

ಕೊಳ್ಳುವವರ ಕಣ್ಣು ಮೊದಲು ಬಣ್ಣದ ಮೇಲೆ ಹೋಗುತ್ತದೆ. ಅದು ಹೋಗಬೇಕಾದುದು ಚಾಸಿಸಿನ ಮೇಲೆ. ಬಾಗಿಲು, ಬಾನೆಟ್ಟುಗಳನ್ನು ಬದಲಾಯಿಸಬಹುದು. ಚಾಸಿಸ್ ಕೊಳೆತಿದ್ದರೆ ಗಾಡಿಯ ಬೆನ್ನೆಲುಬೇ ಮುರಿದಂತೆ. ನಮ್ಮ ಸೀಮೆಯ ಧಾರಾಕಾರ ಮಳೆ ಮತ್ತು ಕಡಲ ಗಾಳಿಯ ಉಪ್ಪು, ಎರಡೂ ಕಬ್ಬಿಣಕ್ಕೆ ವೈರಿಗಳು. ಚಾಸಿಸಿನ ಟೊಳ್ಳಿನೊಳಗೆ ಸೇರಿದ ಕೆಸರು ಒಳಗಿನಿಂದಲೇ ತಿನ್ನುತ್ತದೆ. ಚಾಪೆ ಹಾಸಿ ಗಾಡಿಯ ಅಡಿಗೆ ಹೋಗಿ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಮೆಲ್ಲನೆ ತಟ್ಟಿ. ಗಟ್ಟಿ ಲೋಹ ಕಣಕಣಿಸುತ್ತದೆ. ತುಕ್ಕು ಹಿಡಿದ ಕಡೆ ಸದ್ದು ಮಂದವಾಗುತ್ತದೆ. ಕಮಾನು ಪಟ್ಟಿಗಳನ್ನು ಬಿಗಿದಿರುವ ಕಡೆಗಳಲ್ಲಿ ಬಿರುಕು, ಹೊಸ ವೆಲ್ಡಿಂಗ್ ಗುರುತು ಇವೆಯೇ ನೋಡಿ. ಅಡಿಗೆ ಮಾತ್ರ ಹೊಸದಾಗಿ ಕರಿ ಬಣ್ಣ ಬಳಿದಿದ್ದರೆ ಏಕೆಂದು ಕೇಳಿ.

ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಸವೆದಿದೆ. ಎಡಬಲಕ್ಕೆ ಅಲುಗಿದರೆ ಸ್ಟೀಯರಿಂಗಿನ ಕೀಲುಗಳಲ್ಲಿ ದೋಷವಿರಬಹುದು. ಡಿಫರೆನ್ಷಿಯಲ್ಲಿನ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಹೊಳೆ ದಾಟುವಾಗ ನೀರು ಒಳಸೇರಿದೆಯೆಂದು ತಿಳಿಯಿರಿ.

ಇಂಜಿನ್

ತಣ್ಣಗಿರುವ ಇಂಜಿನ್ನನ್ನೇ ನೋಡಬೇಕು. ನೀವು ಹೋಗುವ ಮೊದಲೇ ಬಾನೆಟ್ಟು ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹಿಂದಿರುಗಿ. ತಣ್ಣಗಿರುವಾಗ ಸುಲಭವಾಗಿ ಹತ್ತದ ಇಂಜಿನ್ನನ್ನು ಮೊದಲೇ ಬಿಸಿಮಾಡಿ ಇಡುವುದುಂಟು. ಹೊಗೆಯ ಬಣ್ಣವೂ ರೋಗವನ್ನು ಹೇಳುತ್ತದೆ. ನೀಲಿ ಹೊಗೆಯೆಂದರೆ ಇಂಜಿನ್ ಎಣ್ಣೆ ಉರಿಯುತ್ತಿದೆ. ಬಿಡದೆ ಬರುವ ಕರಿ ಹೊಗೆಯೆಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಹಲವು ಸಲ ರೇಡಿಯೇಟರಿನ ನೀರು ಒಳಸೇರುತ್ತಿರುವ ಲಕ್ಷಣ. ಇಂಜಿನ್ ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆರೆದರೆ ಬುಸುಬುಸು ಆವಿ ಚಿಮ್ಮುವುದಾದರೆ ಪಿಸ್ಟನ್ ರಿಂಗುಗಳು ಸವೆದಿವೆ.

ನಾಲ್ಕು ಚಕ್ರದ ಪರೀಕ್ಷೆ

ಈ ಪರೀಕ್ಷೆಯನ್ನು ಒಣಗಿದ ಡಾಮರಿನ ಮೇಲೆ ಮಾಡಬಾರದು. ಹಳೆಯ ಜೀಪುಗಳಲ್ಲಿ ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಗೇರುಗಳಿಗೆ ಪೆಟ್ಟಾಗುತ್ತದೆ. ಸಡಿಲ ಮಣ್ಣಿನ ಏರನ್ನು ಆರಿಸಿಕೊಳ್ಳಿ. ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಇರುತ್ತದೆ. ಅದನ್ನು ಹಾಕದಿದ್ದರೆ ಮುಂದಿನ ಚಕ್ರಗಳಿಗೆ ಬಲವೇ ಸಿಗದು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹೊರಗೆ ನಿಂತು ಮುಂದಿನ ಚಕ್ರಗಳು ಮಣ್ಣನ್ನು ಕಚ್ಚಿ ಎಳೆಯುತ್ತವೆಯೇ ಎಂದು ನೋಡಲಿ. ಲೋ ಗೇರಿನಲ್ಲಿ ಇಳಿಜಾರನ್ನು ಇಳಿಯುವಾಗ ಸನ್ನೆಗೋಲು ತಾನಾಗಿ ಹಾರಿ ಹೊರಬರುವುದಾದರೆ ದುರಸ್ತಿ ದುಬಾರಿ. ಬ್ರೇಕು ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯಕೂಡದು. ಘಾಟಿಯ ತಿರುವುಗಳಲ್ಲಿ ಮನೆಮಂದಿಯ ಜೀವವಿರುವುದು ಈ ಬ್ರೇಕಿನಲ್ಲಿ. ಇಲ್ಲಿ ರಾಜಿ ಸಲ್ಲದು.

ಕಾಗದಪತ್ರ

ಗಡಿನಾಡಿನವರಾದ ನಾವು ಹೆಚ್ಚು ಎಡವುವುದು ಇಲ್ಲಿ. ಪುತ್ತೂರಿನ ಕೆ.ಎ. ೨೧ ಗಾಡಿಯನ್ನು ತಂದು ಕಾಸರಗೋಡಿನ ಕೆ.ಎಲ್. ೧೪ಕ್ಕೆ ಸೇರಿಸಬೇಕಾದರೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದರ ಅರ್ಜಿ ೨೮ನೆಯ ನಮೂನೆ. ಒಡೆತನದ ವರ್ಗಾವಣೆಗೆ ೨೯ ಮತ್ತು ೩೦ನೆಯ ನಮೂನೆಗಳು. ಸಾಲದ ಋಣ ತೀರಿದುದಕ್ಕೆ ೩೫ನೆಯದು. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿಕೊಳ್ಳುವ ವಾಹನಕ್ಕೆ ಅಲ್ಲಿನ ಸಂಖ್ಯೆ ಪಡೆಯಲೇಬೇಕು. ತೆರಿಗೆಯನ್ನು ಹೊಸ ರಾಜ್ಯವು ಪ್ರತ್ಯೇಕವಾಗಿ ಕೇಳುತ್ತದೆ. ಆ ಮೊತ್ತವನ್ನು ಕಚೇರಿಯಲ್ಲಿ ಮೊದಲೇ ವಿಚಾರಿಸಿ ಬೆಲೆಗೆ ಕೂಡಿಸಿಕೊಂಡು ಲೆಕ್ಕ ಹಾಕಿರಿ.

ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. ಬಳಿಕ ಪರೀಕ್ಷೆಗೊಳಗಾಗಿ ಐದೈದು ವರ್ಷಕ್ಕೆ ನವೀಕರಿಸಬೇಕು. ಚಾಸಿಸ್ ಮತ್ತು ಇಂಜಿನ್ ಸಂಖ್ಯೆಗಳನ್ನು ಆರ್.ಸಿ.ಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಹಳೆಯ ಜೀಪುಗಳಿಗೆ ಬೇರೆ ಇಂಜಿನ್ ಕೂರಿಸುವುದು ಸಾಮಾನ್ಯ. ಆದರೆ ಕಚೇರಿಯ ಅನುಮತಿಯಿಲ್ಲದ ಬದಲಾವಣೆ ಕಾನೂನುಬಾಹಿರ. ತಯಾರಕರು ನಿಗದಿಪಡಿಸಿದುದಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು ೨೦೧೯ರಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿಯೇ ತೀರ್ಪಿತ್ತಿದೆ.

ಮಾರುವವರಿಗೂ ಒಂದು ಮಾತು. ಹಣ ಎಣಿಸಿಕೊಂಡೊಡನೆ ಹೊಣೆ ಮುಗಿಯದು. ವರ್ಗಾವಣೆಯಾಗದ ವಾಹನ ಅಪಘಾತಕ್ಕೀಡಾದರೆ ನೋಂದಣಿಯಲ್ಲಿ ಹೆಸರಿರುವವನೇ ಒಡೆಯನೆಂದು ೨೦೧೮ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಕೊಂಡವರು ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಹದಿನಾಲ್ಕು ದಿನಗಳೊಳಗೆ ಅರ್ಜಿ ಕೊಡಬೇಕು.

ನಂಬುಗೆಯ ಮೆಕ್ಯಾನಿಕನೊಬ್ಬನನ್ನು ಜೊತೆಗೆ ಕರೆದೊಯ್ಯಿರಿ. ಆತನಿಗೆ ಕೊಡುವ ದಿನಗೂಲಿ ವ್ಯರ್ಥವಾಗದು. ಕಂಡ ದೋಷಗಳನ್ನೂ ಅವುಗಳ ದುರಸ್ತಿಯ ಖರ್ಚನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಅನಂತರವೇ ಬೆಲೆಯ ಮಾತಿಗೆ ಕುಳಿತುಕೊಳ್ಳಿ. ಕಾಗದಗಳು ಸರಿಯಿವೆಯೆಂದು ಖಚಿತವಾಗುವ ತನಕ ಮುಂಗಡ ಕೊಡಬೇಡಿ. ಸಾಧ್ಯವಾದರೆ ಒಂದೆರಡು ಮಳೆ ಬಿದ್ದ ಮೇಲೆ ಗಾಡಿಯನ್ನು ನೋಡಿ. ಬೇಸಗೆಯಲ್ಲಿ ಅಡಗಿರುವ ಸೋರಿಕೆಯೂ ಏರಿನಲ್ಲಿ ಜಾರುವ ಚಕ್ರವೂ ಆಗ ತಾವಾಗಿಯೇ ಹೊರಬೀಳುತ್ತವೆ.