ಈ ಗುಂಡು ಯಾರ್ ಇಟ್ಟಾರ?

ಹೊಸಪೇಟೆಯಿಂದ ಕಮಲಾಪುರ ದಾಟಿ ಹಂಪಿ ಕಡೆ ಹೊರಟ ಬಸ್ಸಿನ ಕಿಟಕಿ ಪಕ್ಕ ಮಗು ಕೂತಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಅಪ್ಪಾ, ಈ ಗುಂಡು ಯಾರ್ ಇಟ್ಟಾರ?" ಅಪ್ಪನ ಬಳಿ ಉತ್ತರ ಸಿದ್ಧ. ವಾಲಿ ಸುಗ್ರೀವರು ಜಗಳಾಡುವಾಗ ಒಬ್ಬರ ಮೇಲೊಬ್ಬರು ಎಸೆದದ್ದು. ಮಗು ಒಪ್ಪಿಕೊಂಡು ಮತ್ತೆ ಹೊರಗೆ ನೋಡುತ್ತದೆ. ಹಿಂದಿನ ಸೀಟಿನ ಮೇಷ್ಟ್ರು ಮಾತ್ರ ಗೊಣಗುತ್ತಾರೆ: "ಹಿಂಗ ಹೇಳಿ ಹೇಳಿನೇ ಹುಡುಗರ ತಲಿ ಕೆಡ್ತೈತಿ."

ಬಂಡೆಯ ಲೆಕ್ಕ ಬೇಗ ಮುಗಿಯುವಂಥದ್ದು. ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದೊಳಗಿರುವಾಗಲೇ ಬಿರುಕುಗಳಿಗೆ ನೀರು ಇಳಿದು, ಅಂಚುಗಳು ಕೊಳೆತು ಮಣ್ಣಾಗಿ, ಆ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಉಳಿದ ಗಟ್ಟಿ ತಿರುಳೇ ಈಗ ಕಾಣುವ ಗುಂಡುಗಳು. ಯಾರೂ ಇಟ್ಟದ್ದಲ್ಲ, ಸುತ್ತಲಿನದು ಹೋಗಿ ಇವು ಉಳಿದವು. ಆದರೆ ಮಗುವಿನ ತಲೆಯ ಬಗ್ಗೆ ಅಪ್ಪ ಮತ್ತು ಮೇಷ್ಟ್ರು ಇಟ್ಟುಕೊಂಡಿರುವ ನಂಬಿಕೆಗಳ ಲೆಕ್ಕ ಅಷ್ಟು ಸಲೀಸಲ್ಲ. ಅವನ್ನು ಪರೀಕ್ಷಿಸಲು ಸಂಶೋಧಕರು ಕಡಲು ದಾಟಿದ್ದಾರೆ. ನಮ್ಮ ಮೈಸೂರಿಗೂ ಬಂದಿದ್ದಾರೆ.

ತಪ್ಪು ಕಲ್ಪನೆ: ಸಣ್ಣ ಮಕ್ಕಳಿಗೆ ಎಲ್ಲದರಲ್ಲೂ ಜೀವ, ದೆವ್ವ ಕಾಣುತ್ತವೆ. ದೊಡ್ಡವರಾದಂತೆ ಅದು ತಾನಾಗಿ ಬಿಡುತ್ತದೆ.

ಇದಕ್ಕೆ ದೊಡ್ಡ ಹೆಸರಿನ ಬೆಂಬಲವಿತ್ತು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳನ್ನು ಮಾತಾಡಿಸಿ, ಸೂರ್ಯ ಚಂದ್ರ ಮೋಡಗಳಿಗೆಲ್ಲ ಅವರು ಜೀವ ಕೊಡುತ್ತಾರೆ ಎಂದು ಬರೆದಿದ್ದರು. ಎಲ್ಲ ಊರಿನ ಮಕ್ಕಳೂ ಹೀಗೆಯೋ? 1928ರಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ನ್ಯೂಗಿನಿಯ ಬಳಿಯ ಮಾನುಸ್ ದ್ವೀಪಕ್ಕೆ ಹೋಗಿ ನೋಡಿದರು. ಅಲ್ಲಿ ದೊಡ್ಡವರ ಬದುಕಿನಲ್ಲೆಲ್ಲ ಸತ್ತ ಹಿರಿಯರ ಆತ್ಮಗಳದೇ ಕಾರುಬಾರು. ಹಾಗಾದರೆ ಮಕ್ಕಳ ಮಾತಿನಲ್ಲಿ ಅದು ಇನ್ನೂ ಹೆಚ್ಚಿರಬೇಕಲ್ಲ? ಕಟ್ಟಿದ ದೋಣಿಯೊಂದು ತೇಲಿಹೋದಾಗ, ಆ ದೋಣಿಯೇ ಕೆಟ್ಟದ್ದು ಎಂದು ಮೀಡ್ ಮಕ್ಕಳ ಬಾಯಿ ಬಿಡಿಸಲು ನೋಡಿದರು. ಮಕ್ಕಳು ಒಪ್ಪಲಿಲ್ಲ. ಕಟ್ಟಿದ ಹುಡುಗ ದಡ್ಡ, ಅವನಿಗೆ ಸರಿಯಾಗಿ ಕಟ್ಟಲು ಬರುವುದಿಲ್ಲ ಎಂದರು. ಅಲ್ಲಿ ಆತ್ಮಗಳ ವಿವರಣೆ ಬರುತ್ತಿದ್ದುದು ದೊಡ್ಡವರಾದ ಮೇಲೆ, ಕಲಿತು.

ಹಾಗಂತ ಮಕ್ಕಳು ಹುಟ್ಟು ವಿಜ್ಞಾನಿಗಳೂ ಅಲ್ಲ. ಅಮೆರಿಕದ ಡೆಬೊರಾ ಕೆಲೆಮನ್ ಮಕ್ಕಳಿಗೆ ಚೂಪು ಬಂಡೆಯ ಚಿತ್ರ ತೋರಿಸಿ ಎರಡು ಉತ್ತರ ಮುಂದಿಟ್ಟರು. ಚೂರುಪಾರು ಸೇರಿ ಬಹಳ ಕಾಲಕ್ಕೆ ಚೂಪಾಯಿತೋ, ಇಲ್ಲ ಪ್ರಾಣಿಗಳು ಮೈ ತುರಿಸಿಕೊಳ್ಳಲಿ ಎಂದು ಚೂಪಾಯಿತೋ? ಸಣ್ಣವರ ಒಲವು ಎರಡನೆಯದರ ಕಡೆಗಿತ್ತು. ಕಂಡದ್ದಕ್ಕೆಲ್ಲ "ಯಾತಕ್ಕ" ಎಂದು ಉದ್ದೇಶ ಹುಡುಕುವುದು ಬೇರೆ, ಅದರಲ್ಲಿ ದೆವ್ವ ಕಾಣುವುದು ಬೇರೆ. ಮೊದಲನೆಯದರಲ್ಲಿ ಮಕ್ಕಳು ಒಬ್ಬರೇ ಇಲ್ಲ ಬಿಡಿ. ಗುಡ್ಡ ಇರುವುದೇ ಅದಿರು ತೆಗೆಯಲಿಕ್ಕೆ ಎಂದು ನಂಬಿದ ದೊಡ್ಡವರನ್ನು ಸಂಡೂರು ಬೇಕಾದಷ್ಟು ಕಂಡಿದೆ.

ತಪ್ಪು ಕಲ್ಪನೆ: ವಿಜ್ಞಾನ ಒಳಗೆ ಬಂದರೆ ಕಥೆ ಹೊರಗೆ ಹೋಗುತ್ತದೆ.

ಇದು ಮೇಷ್ಟ್ರ ನಂಬಿಕೆ. ಹಂಪಿ ಪಕ್ಕದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬ ಇದೆ. ಊರವರ ಪ್ರಕಾರ ಅದು ವಾಲಿಯನ್ನು ಸುಟ್ಟ ಬೂದಿ. ಪುರಾತತ್ವದವರ ಪ್ರಕಾರ ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು. ಬಳ್ಳಾರಿ ಸೀಮೆಯಲ್ಲಿ ಕುಡತಿನಿ ಸೇರಿದಂತೆ ಇಂಥ ದಿಬ್ಬಗಳು ಹಲವು. ಎರಡನ್ನೂ ಬಲ್ಲವರು ಇಲ್ಲಿ ಧಾರಾಳವಾಗಿದ್ದಾರೆ. ಅವರ ತಲೆ ಸಿಡಿದಿಲ್ಲ. ಪರೀಕ್ಷೆಯಲ್ಲಿ ಸಗಣಿ ಬರೆಯುತ್ತಾರೆ, ನೆಂಟರು ಬಂದರೆ ವಾಲಿಯ ಕಥೆ ಹೇಳುತ್ತಾರೆ.

ಕ್ರಿಸ್ಟೀನ್ ಲೆಗಾರ್ ಮತ್ತು ಸೂಸನ್ ಗೆಲ್ಮನ್ 2008ರಲ್ಲಿ ಪ್ರಕಟಿಸಿದ ದಕ್ಷಿಣ ಆಫ್ರಿಕಾದ ಅಧ್ಯಯನದಲ್ಲಿ ಕಂಡದ್ದೂ ಇಂಥದ್ದೇ. ಏಡ್ಸ್ ವೈರಸ್ಸಿನಿಂದ ಬರುತ್ತದೆ ಎಂಬುದು ಜನರಿಗೆ ಚೆನ್ನಾಗಿ ಗೊತ್ತು. ಜೊತೆಗೆ ಮಾಟದ ಮಾತೂ ಇದೆ: ರೋಗ ತಂದದ್ದು ವೈರಸ್ಸೇ, ಸೋಂಕಿದ್ದವರ ಸಹವಾಸಕ್ಕೆ ರೋಗಿಯನ್ನು ತಳ್ಳಿದ್ದು ಮಾಟ. "ಹೇಗೆ" ಎಂಬುದಕ್ಕೆ ಒಂದು ಉತ್ತರ, "ನನಗೇ ಯಾಕೆ" ಎಂಬುದಕ್ಕೆ ಇನ್ನೊಂದು. ಮಾಟದ ವಿವರಣೆ ಹೆಚ್ಚು ಕೊಟ್ಟವರು ಮಕ್ಕಳಲ್ಲ, ದೊಡ್ಡವರು. ಓದಿದವರದು ಬೇರೆ ಎನ್ನುವವರಿಗೆ ಇನ್ನೊಂದು ಸುದ್ದಿ. 2013ರಲ್ಲಿ ಕೆಲೆಮನ್ ತಂಡ ಅಮೆರಿಕದ ವಿಜ್ಞಾನಿಗಳನ್ನೇ ಕೂರಿಸಿ, ಯೋಚಿಸಲು ಸಮಯ ಕೊಡದೆ ಗಡಿಬಿಡಿಯಲ್ಲಿ ಕೇಳಿದಾಗ, ಪ್ರಾಣಿಗಳು ಉಸಿರಾಡಲಿ ಎಂದೇ ಮರ ಆಮ್ಲಜನಕ ಕೊಡುತ್ತದೆ ಎಂಬಂಥ ಮಾತುಗಳಿಗೆ ಅವರೂ ಹೆಚ್ಚು ಸಲ ತಲೆಯಾಡಿಸಿದರು.

ತಪ್ಪು ಕಲ್ಪನೆ: ನಮ್ಮ ಕಡೆ ಮಕ್ಕಳು ಬುದ್ಧಿಯಲ್ಲಿ ಹಿಂದೆ.

1996ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದರಲ್ಲಿ ಹಲವು ಮಕ್ಕಳು ಭೂಮಿ ನೀರಿನ ಮೇಲೆ ನಿಂತಿದೆ ಎಂದಿದ್ದರು. ಪುರಾಣದ ಪ್ರಭಾವ ಎಂದು ಅದನ್ನು ಓದಲಾಯಿತು. ಆಮೇಲೆ ಬ್ರಿಟನ್ನಿನ ಸಂಶೋಧಕರು ಮಕ್ಕಳಿಂದ ಭೂಮಿಯ ಚಿತ್ರ ಬರೆಸುವ ಬದಲು, ಭೂಮಿಯ ಮಾದರಿಗಳನ್ನು ಮುಂದಿಟ್ಟು ಆರಿಸಲು ಹೇಳಿದರು. ಏಷ್ಯಾ ಮೂಲದ ಮಕ್ಕಳಿಗೂ ಅವರ ಬಿಳಿಯ ಸಹಪಾಠಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗೋಳವನ್ನು ಕಾಗದದ ಮೇಲೆ ಬರೆದು ಅದರ ಮೇಲೆ ಮನುಷ್ಯನನ್ನು ನಿಲ್ಲಿಸುವುದು ನನಗೂ ಕಷ್ಟವೇ.

2005ರಲ್ಲಿ ಭಾರತ, ಕೆನಡಾ, ಪೆರು, ಸಮೋವಾ, ಥಾಯ್ಲೆಂಡ್ ಮಕ್ಕಳ ಮುಂದೆ ಬೋಗುಣಿ ಕವುಚಿ ಇಟ್ಟು ಆಟವಾಡಿಸಿದ ಅಧ್ಯಯನ ಬಂತು. ಒಬ್ಬರು ಒಂದು ವಸ್ತುವನ್ನು ಬೋಗುಣಿಯಡಿ ಮುಚ್ಚಿ ಹೊರಗೆ ಹೋಗುತ್ತಾರೆ. ಮಗುವಿನ ಕೈಯಲ್ಲೇ ಅದನ್ನು ಬೇರೆ ಬೋಗುಣಿಯಡಿ ಇಡಿಸುತ್ತಾರೆ. ಹೋದವರು ಬಂದು ಎಲ್ಲಿ ಹುಡುಕುತ್ತಾರೆ? "ಮೊದಲಿನ ಜಾಗದಲ್ಲೇ" ಎಂದರೆ, ಇನ್ನೊಬ್ಬರ ತಲೆಯಲ್ಲಿ ತಪ್ಪು ತಿಳಿವಳಿಕೆ ಇರಬಹುದೆಂದು ಮಗುವಿಗೆ ಅರ್ಥವಾಗಿದೆ ಎಂದು. ಐದೂ ದೇಶಗಳಲ್ಲಿ ಮಕ್ಕಳು ಹೆಚ್ಚುಕಡಿಮೆ ಐದು ವರ್ಷದ ಹೊತ್ತಿಗೆ ಇದನ್ನು ದಾಟಿದ್ದರು.

ಹಾಗಾದರೆ ಸಂಸ್ಕೃತಿ ಕೈ ಹಾಕುವುದು ಎಲ್ಲಿ? ನನಗೆ ಹೆಚ್ಚು ಹಿಡಿಸಿದ ಉತ್ತರ ಮೈಸೂರಿನದು. ಜೋನ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞೆ ಮೈಸೂರಿನಲ್ಲೂ ಶಿಕಾಗೊದಲ್ಲೂ 8, 11, 15 ವರ್ಷದ ಮಕ್ಕಳನ್ನು ಮತ್ತು ದೊಡ್ಡವರನ್ನು ಕೇಳಿದರು: ನಿಮಗೆ ಗೊತ್ತಿರುವವರು ಮಾಡಿದ ಒಳ್ಳೆಯದು, ಕೆಟ್ಟದ್ದು ಹೇಳಿ, ಯಾಕೆ ಮಾಡಿದರು? ಫಲಿತಾಂಶ 1984ರಲ್ಲಿ ಪ್ರಕಟವಾಯಿತು. ಶಿಕಾಗೊದ ದೊಡ್ಡವರು ಆ ಮನುಷ್ಯನ ಸ್ವಭಾವ ಹಿಡಿದು ಮಾತಾಡಿದರೆ, ಮೈಸೂರಿನ ದೊಡ್ಡವರು ಅವನ ಮನೆ, ಜವಾಬ್ದಾರಿ, ಪರಿಸ್ಥಿತಿಗಳನ್ನು ಹಿಡಿದರು. ಎಂಟು ವರ್ಷದವರಲ್ಲಿ ಮಾತ್ರ ಎರಡೂ ಊರಿಗೆ ಹೆಚ್ಚು ಅಂತರವಿರಲಿಲ್ಲ. ವಯಸ್ಸಾದಂತೆ ಒಂದು ಊರು ಒಂದು ದಾರಿ ಹಿಡಿಯಿತು, ಇನ್ನೊಂದು ಊರು ಇನ್ನೊಂದು.

ಕಂಪ್ಲಿಯ ಹೊಳೆದಂಡೆಯಲ್ಲಿ ಕಟ್ಟಿದ ಹರಿಗೋಲು ಕಳಚಿ ತೇಲಿಹೋಯಿತೆನ್ನಿ. ಎಂಟು ವರ್ಷದ ಹುಡುಗ ಮಾನುಸ್ ಮಕ್ಕಳ ಹಾಗೆಯೇ ಹೇಳಿಯಾನು: "ಅವ್ನಿಗೆ ಗಂಟು ಹಾಕಾಕ ಬರಂಗಿಲ್ಲ." ಪಕ್ಕದಲ್ಲಿ ಕೂತ ಅಜ್ಜಿ ಅಷ್ಟಕ್ಕೆ ಬಿಡುವವಳಲ್ಲ. "ಹಂಗನ್ಬಾರ್ದಪ್ಪಾ. ಅವರವ್ವಗ ಆರಾಮಿಲ್ಲ, ಬೆಳಿಗ್ಗಿಂದ ದವಾಖಾನಿಗೆ ಓಡಾಡಕತ್ಯಾನ."