ದೀರ್ಘವಿಲ್ಲದ ಹಚ್ಚೆ

ನನ್ನ ಬಲ ಮುಂಗೈಯ ಒಳಮೈ ಮೇಲೆ ‘ಜೈ ಭಿಮ್’ ಎಂಬ ಹಚ್ಚೆ ಇದೆ. ಇದು ಅಚ್ಚಿನ ತಪ್ಪಲ್ಲ, ಸಂಪಾದಕರು ದಯಮಾಡಿ ತಿದ್ದಬಾರದು. ಇರುವುದೇ ಹಾಗೆ. ‘ಭಿ’ಗೆ ದೀರ್ಘವಿಲ್ಲ. 2014ರಲ್ಲಿ, ಎರಡನೇ ಪಿಯುಸಿ ಓದುತ್ತಿದ್ದಾಗ, ನಮ್ಮ ಸೀಮೆಯ ಒಂದು ಜಾತ್ರೆಯಲ್ಲಿ ಹಾಕಿಸಿಕೊಂಡದ್ದು. ಆಗ ನನಗೆ ಹದಿನೇಳು ವರ್ಷ. ಬ್ಯಾಟರಿಗೆ ತಂತಿ ಸಿಕ್ಕಿಸಿದ ಸೂಜಿ ಯಂತ್ರ, ಪಕ್ಕದಲ್ಲಿ ಚೇಳು, ಬಾಣ ನೆಟ್ಟ ಹೃದಯ, ದೇವರ ಮುಖ ಎಲ್ಲ ಬರೆದಿಟ್ಟ ಒಂದು ಹಲಗೆ. ಹಾಕುವವನಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ನಾನೇ ಚೀಟಿಯಲ್ಲಿ ಬರೆದುಕೊಟ್ಟೆ. ಚೀಟಿಯಲ್ಲಿ ಸರಿಯಾಗಿ ಬರೆದಿದ್ದೆನೇ ಅನ್ನುವುದನ್ನು ಆಮೇಲೆ ನೂರು ಸಲ ಯೋಚಿಸಿದ್ದೇನೆ. ನನಗಿಂತ ಮುಂಚೆ ಕೂತಿದ್ದವನಿಗೆ ಚುಚ್ಚಿದ ಸೂಜಿಯಲ್ಲೇ ನನಗೂ ಚುಚ್ಚಿದ. ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳು, ಎಚ್‌ಐವಿ ಎಲ್ಲ ಹೀಗೆ ಹರಡಬಲ್ಲವು ಅಂತ ಹೈಸ್ಕೂಲಿನಲ್ಲೇ ಓದಿದ್ದೆ. ಓದಿದ್ದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

ಈಗ ನಾನು ಕನ್ನಡ ಪಾಠ ಮಾಡುವವನು. ಪ್ರತಿವರ್ಷ ಏಪ್ರಿಲ್ ಹತ್ತಿರ ಬಂದಂತೆ ಹುಡುಗರು ಬಂದು ಕೇಳುತ್ತಾರೆ: ‘ಸಾರ್, ಜಯಂತಿಗೆ ಹಚ್ಚೆ ಹಾಕಿಸ್ಕೊಳಾಣ ಅಂತಿದೀವಿ. ಆಮೇಲೆ ಬೇಜಾರಾಗುತ್ತಾ?’ ಈ ಪ್ರಶ್ನೆಗೆ ಡಾಕ್ಟರು, ಮೇಷ್ಟರು, ಅಪ್ಪ-ಅವ್ವ ಎಲ್ಲರೂ ಕೊಡುವ ಸಿದ್ಧ ಉತ್ತರವೊಂದಿದೆ. ಚಿಕ್ಕ ವಯಸ್ಸು, ಮನಸ್ಸು ಬದಲಾಗುತ್ತದೆ, ಚರ್ಮ ಬದಲಾಗುವುದಿಲ್ಲ. ಈ ಉತ್ತರ ಸುಳ್ಳಲ್ಲ. ಆದರೆ ಅದು ಜಾತಿಯಿಲ್ಲದ ಒಂದು ಚರ್ಮವನ್ನು ಕಲ್ಪಿಸಿಕೊಂಡು ಮಾತಾಡುತ್ತದೆ. ನಮ್ಮ ಕೇರಿಗಳಲ್ಲಿ ಅಂಥ ಚರ್ಮ ಯಾರಿಗೂ ಇಲ್ಲವಾದ್ದರಿಂದ, ಪಶ್ಚಾತ್ತಾಪ ಎಂಬ ಮಾತನ್ನು ನಾವು ಬೇರೆ ಕಡೆಯಿಂದ ನೋಡಬೇಕಾಗುತ್ತದೆ.

ನಮ್ಮ ಅಜ್ಜಿಯಿಂದ ಶುರು ಮಾಡುತ್ತೇನೆ. ಅವಳ ಎರಡೂ ಕೈ ಮೊಣಕೈವರೆಗೂ ಹಚ್ಚೆ, ಗಲ್ಲದ ಮೇಲೊಂದು ಚುಕ್ಕೆ. ಹಚ್ಚೆ ಎಂಬ ಮಾತು ಹಚ್ಚ ಹಸಿರಿನ ‘ಹಚ್ಚ’ದಿಂದ ಬಂದದ್ದು, ತಮಿಳಿನವರ ‘ಪಚ್ಚೈ’ ಕೂಡ ಅದೇ. ದೀಪದ ಮಸಿ ಕಪ್ಪಾದರೂ ಚರ್ಮದ ಕೆಳಗೆ ಇಳಿದ ಮೇಲೆ ಹಸಿರು-ನೀಲಿಯಾಗಿ ಕಾಣುತ್ತದೆ. ಹಾಕುತ್ತಿದ್ದವರು ಊರೂರು ತಿರುಗುವ ಕೊರಮ, ಕೊರಚ ಹೆಂಗಸರು. ಮಸಿಗೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚುತ್ತ ಹಾಡುತ್ತಿದ್ದರು. ಕೂಲಿಗೆ ಒಂದು ಮೊರ ರಾಗಿ, ಹಳೇ ಸೀರೆ. ಈ ಕೊರವರನ್ನು ಮದ್ರಾಸ್ ಪ್ರಾಂತ್ಯದಲ್ಲಿ ಬ್ರಿಟಿಷ್ ಸರ್ಕಾರ ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತ್ತು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಚುಚ್ಚುವವಳೂ ಚುಚ್ಚಿಸಿಕೊಳ್ಳುವವಳೂ ಇಬ್ಬರೂ ಊರಿನ ಲೆಕ್ಕದಲ್ಲಿ ಹೊರಗಿನವರು.

ಅಜ್ಜಿಗೆ ಹಾಕಿದಾಗ ಏಳೋ ಎಂಟೋ ವರ್ಷ. ‘ನಂಗೇನ್ ಗೊತ್ತಿತ್ತು ಮಗ? ಇಬ್ರು ಹಿಡ್ಕಂಡ್ರು, ಚುಚ್ಚುದ್ರು. ಮೂರ್ ದಿನ ಜರ ಬಂದಿತ್ತು’ ಎನ್ನುತ್ತಿದ್ದಳು. ಹಾಕಿಸಿಕೊಳ್ಳದ ಹುಡುಗಿಯನ್ನು ಗಂಡಿನ ಕಡೆಯವರು ಒಪ್ಪುವುದಿಲ್ಲ ಎಂಬ ಮಾತಿತ್ತಂತೆ. ನಾನು ಎಂಎ ಓದುವಾಗ ಒಂದು ದಿನ, ದೊಡ್ಡ ಸಂಶೋಧಕನ ಹಾಗೆ, ‘ಬ್ಯಾಸರ ಆಗಿಲ್ವಾ ಅಜ್ಜಿ?’ ಅಂತ ಕೇಳಿದೆ. ‘ಬ್ಯಾಸರ ಪಟ್ರೆ ಹೋದದಾ?’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಮುಂದುವರಿಸಿದಳು: ‘ಚಿನ್ನ ಆದ್ರೆ ಅಡ ಮಡಗ್ತಿದ್ರು. ಇದ್ನ ಯಾವ ಸಾವ್ಕಾರ ಅಡ ಹಿಡಿದಾನು? ಸತ್ತಾಗ್ಲೂ ಜೊತೇಲೇ ಬತ್ತದೆ.’

ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂಬ ನಂಬಿಕೆ ನಮ್ಮ ನಾಡಿನಾದ್ಯಂತ ಇದೆ. ಜಾನಪದ ವಿದ್ವಾಂಸರು ಇದನ್ನು ಸಂಗ್ರಹಿಸಿ, ‘ಗ್ರಾಮೀಣ ಸ್ತ್ರೀಯರ ಸೌಂದರ್ಯಪ್ರಜ್ಞೆ’ ಎಂದು ಹೆಸರಿಟ್ಟು ಪುಸ್ತಕ ಮುಚ್ಚುತ್ತಾರೆ. ನನ್ನ ತಕರಾರು ಇಲ್ಲೇ ಇದೆ. ಸೌಂದರ್ಯಪ್ರಜ್ಞೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಜ್ಜಿ ತನ್ನ ಕೈಯನ್ನು ನೋಡಿಕೊಂಡು ಸುಖಪಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆದರೆ ಒಡವೆ ಚರ್ಮದ ಒಳಗೇ ಯಾಕೆ ಹೋಗಬೇಕಾಯಿತು? ಇಂದೋರ್ ಸೀಮೆಯ ಬಲಾಯಿ ಎಂಬ ಅಸ್ಪೃಶ್ಯ ಜಾತಿಯ ಹೆಂಗಸರು ಚಿನ್ನ-ಬೆಳ್ಳಿ ತೊಡಕೂಡದು ಎಂದು ಮೇಲ್ಜಾತಿಯವರು ಕಟ್ಟಳೆ ಹಾಕಿದ ಸುದ್ದಿ 1928ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಅಂಬೇಡ್ಕರ್ ಅದನ್ನು 1936ರ ‘ಜಾತಿ ವಿನಾಶ’ದಲ್ಲಿ ಪುರಾವೆಯಾಗಿ ಕೊಡುತ್ತಾರೆ. ಲೋಹ ತೊಡಲು ಅಪ್ಪಣೆಯಿಲ್ಲದ, ಕೊಳ್ಳಲು ಕಾಸಿಲ್ಲದ ಮೈಗೆ ಮಸಿಯ ಕಡಗ. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಹಚ್ಚೆ ದಲಿತರದಷ್ಟೇ ಅಲ್ಲ, ಒಕ್ಕಲಿಗ, ಕುರುಬ ಮನೆಗಳ ಮುದುಕಿಯರ ಕೈಮೇಲೂ ಇದೆ. ಹಾಗಾಗಿ ಇದನ್ನು ನೇರವಾಗಿ ಜಾತಿಮುದ್ರೆ ಎಂದುಬಿಟ್ಟರೆ ಅದೂ ತಪ್ಪಾದೀತು.

ನಿಜವಾದ ಮುದ್ರೆ ಬೇರೆ ಇತ್ತು. 1797ರಲ್ಲಿ ಬಂಗಾಳದ ಕಂಪನಿ ಸರ್ಕಾರ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನೇ ಹಚ್ಚೆಯಾಗಿ ಬರೆಸುವ ಪದ್ಧತಿ ತಂದಿತು. ಅದು ನಿಂತದ್ದು 1849ರಲ್ಲಿ. ಹಾಗೆಂದು ಕಾಗದದಲ್ಲಿದೆ. ಆದರೆ 1993ರಲ್ಲಿ ಅಮೃತಸರದ ಪೊಲೀಸರು ಹೆಂಗಸರ ಹಣೆಯ ಮೇಲೆ ‘ಜೇಬ್‌ಕತ್ರಿ’, ಅಂದರೆ ಜೇಬುಗಳ್ಳಿ, ಎಂದು ಹಚ್ಚೆ ಹಾಕಿಸಿದರು. ಪೊಲೀಸರಿಗೆ ಶಿಕ್ಷೆಯಾಗುವ ಹೊತ್ತಿಗೆ 2016 ಆಗಿತ್ತು. ಆ ಹಣೆ ಹೊತ್ತವರಿಗೆ ಪಶ್ಚಾತ್ತಾಪದ ಪ್ರಶ್ನೆ ಕೇಳುವುದು ಹೇಗೆ? ಪಶ್ಚಾತ್ತಾಪ ಪಡಲಿಕ್ಕೂ ಮೊದಲು ಆಯ್ಕೆ ಮಾಡಿಕೊಂಡಿರಬೇಕು.

ಮಹಾಡಿನಲ್ಲಿ 1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಹೇಳಿದ ಮಾತು ಇಲ್ಲಿ ಮುಖ್ಯ. ನೀವು ಅಸ್ಪೃಶ್ಯರೆಂದು ಗುರುತು ಹಿಡಿಯಲು ನೆರವಾಗುವ ಎಲ್ಲವನ್ನೂ ಬಿಟ್ಟುಬಿಡಿ ಎಂದರು. ಸೀರೆ ಉಡುವ ರೀತಿ, ಕೈತುಂಬ ಏರಿಸುವ ಬಳೆ-ಕಡಗ, ಕೊರಳಿನ ಸರಗಳು, ಎಲ್ಲವನ್ನೂ ಹೆಸರಿಸಿಯೇ ಹೇಳಿದರು. ಸೀರೆಯನ್ನು ಬೇರೆ ಥರ ಉಡಬಹುದು, ಕಡಗ ಕಳಚಿಡಬಹುದು. ಹಚ್ಚೆಯನ್ನು ಏನು ಮಾಡುವುದು? ನಮ್ಮವ್ವ ಬಾಬಾಸಾಹೇಬರ ಈ ಭಾಷಣ ಓದಿದವಳಲ್ಲ, ಓದಿದ್ದು ಏಳನೇ ಕ್ಲಾಸು. ಆದರೂ ನನ್ನ ಅಕ್ಕನಿಗೆ ಹಚ್ಚೆ ಹಾಕಿಸಲು ಅಜ್ಜಿ ಹೊರಟಾಗ, ‘ಹಾಸ್ಟೆಲ್ಲಿಗೆ ಹೋಗೋ ಮಗ, ಬ್ಯಾಡ’ ಅಂತ ತಡೆದಳು. ಒಂದು ತಲೆಮಾರು ಹೀಗೆ ಸದ್ದಿಲ್ಲದೆ ನಿಲ್ಲಿಸಿದ್ದನ್ನು ನಾನು ಜಾತ್ರೆಯಲ್ಲಿ ಮತ್ತೆ ಶುರು ಮಾಡಿ ಬಂದೆ. ಅವ್ವ ಬಯ್ದದ್ದೂ ಅದನ್ನೇ: ‘ನಾನು ನಿಲ್ಸುದ್ದ ನೀನು ದುಡ್ ಕೊಟ್ಟು ತಂದಲ್ಲೋ!’

ಡಿ.ಆರ್. ನಾಗರಾಜ್ ತಮ್ಮ 1993ರ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ಎತ್ತಿದ ತೊಡಕು ಇದೇ ಅಲ್ಲವೇ ಅಂತ ನನಗೆ ಅನ್ನಿಸುತ್ತದೆ. ಹಳೆಯದನ್ನೆಲ್ಲ ಅವಮಾನದ ಗುರುತು ಎಂದು ಒದರಿಕೊಂಡರೆ ದಲಿತರು ತಮ್ಮ ಸಾಂಸ್ಕೃತಿಕ ನೆನಪನ್ನೂ ಒದರಿಕೊಂಡ ಹಾಗಾಗುತ್ತದೆ ಎಂಬುದು ಅವರ ಆತಂಕ. ವಿಮರ್ಶೆಯಲ್ಲಿ ಇದನ್ನು ನಾವು ದೇವರು, ಪುರಾಣ, ತಮಟೆಯ ಸಂದರ್ಭದಲ್ಲಿ ಚರ್ಚಿಸಿದ್ದೇವೆ. ಹಚ್ಚೆಯಲ್ಲಿ ಅದು ಇನ್ನೂ ಬಿಗಿಯಾಗುತ್ತದೆ, ಯಾಕೆಂದರೆ ಇಲ್ಲಿ ಒದರಿಕೊಳ್ಳುವುದೂ ಆಗದು, ಪೂರ್ತಿ ಅಪ್ಪಿಕೊಳ್ಳುವುದೂ ಆಗದು. ಅಜ್ಜಿಯ ಕೈಯಲ್ಲಿ ಅಲಂಕಾರವೂ ಬಲವಂತವೂ ಒಂದೇ ಗೆರೆಯಲ್ಲಿವೆ.

ನಾವು ಹೊಸ ಹುಡುಗರು ಹಾಕಿಸಿಕೊಂಡದ್ದು ಬೇರೆ ಥರದ್ದು. ಗುರುತು ಅಳಿಸಿ ಎಂದವರ ಹೆಸರನ್ನೇ ಗುರುತು ಮಾಡಿಕೊಂಡೆವು. ಹೀಗೆ ಮಾಡಿದವರಲ್ಲಿ ನಾವೇ ಮೊದಲಿಗರೂ ಅಲ್ಲ. ಛತ್ತೀಸ್‌ಗಢದ ರಾಮನಾಮಿಗಳು 1890ರ ದಶಕದಿಂದ ಮೈಮೇಲೆಲ್ಲ ‘ರಾಮ ರಾಮ’ ಎಂದು ಬರೆಸಿಕೊಳ್ಳುತ್ತ ಬಂದ ದಲಿತ ಪಂಥ. ಪರಶುರಾಮ ಎಂಬುವರು ಆರಂಭಿಸಿದ್ದು. ಗುಡಿಯೊಳಗೆ ಬಿಡದಿದ್ದರೆ ಮೈಯೇ ಗುಡಿ ಎಂಬ ಹಟ ಅದರಲ್ಲಿತ್ತು. ಹಣೆ, ಕೆನ್ನೆ, ಕೆಲವರಿಗೆ ಅಡಿಯಿಂದ ಮುಡಿವರೆಗೆ. ಮಕ್ಕಳಿಗೆ ಎರಡು ವರ್ಷ ತುಂಬುವುದರೊಳಗೆ ಎದೆಯ ಮೇಲೆ ಒಂದಾದರೂ ಹೆಸರು ಇರಬೇಕೆಂಬ ವಾಡಿಕೆಯಿತ್ತು. ಈಗಿನ ಹುಡುಗರು ಮುಖದ ಮೇಲೆ ಹಾಕಿಸಿಕೊಳ್ಳುತ್ತಿಲ್ಲ. ಶಾಲೆಗೆ, ಕೆಲಸಕ್ಕೆ ಹೊರಗೆ ಹೋಗುವವರಿಗೆ ಆ ಮುಖವೇ ಅಡ್ಡಿಯಾಗುತ್ತದೆ. ಬಂಡಾಯವಾಗಿ ಬರೆದದ್ದನ್ನು ಜಗತ್ತು ಮತ್ತೆ ಜಾತಿಯಾಗಿಯೇ ಓದಿಕೊಂಡಿತು.

ನನ್ನ ಕೈಯನ್ನೂ ಹಾಗೇ ಓದಿದರು. ಕೆಲಸ ಸಿಕ್ಕ ಊರಿನಲ್ಲಿ ಬಾಡಿಗೆ ಮನೆ ನೋಡಲು ಹೋದೆ. ಮನೆಯವರು ನೀರಿನ ಸಂಪು ತೋರಿಸುತ್ತ ತೋರಿಸುತ್ತ ಕೈ ನೋಡಿದರು. ‘ಮನೇಲಿ ಕೇಳಿ ಫೋನ್ ಮಾಡ್ತೀನಿ’ ಅಂದರು. ಮೂರು ಮನೆ ಹೀಗಾಯಿತು. ನಾಲ್ಕನೆಯದಕ್ಕೆ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದೆ, ಮನೆ ಸಿಕ್ಕಿತು. ಆಮೇಲೆ ಆ ಅಂಗಿ ಮೈಗೆ ಅಂಟಿಕೊಂಡಿತು. ಸ್ಟಾಫ್ ರೂಮಿನಲ್ಲಿ ಒಮ್ಮೆ ಕೈ ತೊಳೆಯುವಾಗ ಹಿರಿಯರೊಬ್ಬರು ನೋಡಿ, ‘ಕನ್ನಡ ಮೇಷ್ಟ್ರ ಕೈಮೇಲೇ ಕಾಗುಣಿತ ತಪ್ಪಲ್ರೀ’ ಎಂದು ನಕ್ಕರು. ನಾನೂ ನಕ್ಕೆ. ಆ ದಿನದಿಂದ ನನಗೊಂದು ಮರ್ಯಾದಸ್ಥ ಕಾರಣ ಸಿಕ್ಕಿತು. ನಾನು ಮುಚ್ಚಿಕೊಳ್ಳುತ್ತಿರುವುದು ದೀರ್ಘ ಇಲ್ಲದ್ದನ್ನು, ಜಾತಿಯನ್ನಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸೇರಿಸಿಕೊಳ್ಳೋಣವೆಂದರೆ ‘ಭಿ’ಗೂ ‘ಮ್’ಗೂ ನಡುವೆ ಜಾಗವಿಲ್ಲ. ಎರಡು ವರ್ಷ ಈ ಸುಳ್ಳನ್ನು ನಂಬಿಕೊಂಡಿದ್ದೆ. ದೀರ್ಘ ಸರಿಯಾಗಿದ್ದಿದ್ದರೆ ತೋಳು ಮಡಚುತ್ತಿದ್ದೆನೇ? ಇಲ್ಲ. ಇದನ್ನು ಬರೆಯುವುದು ಸುಲಭವಲ್ಲ, ಆದರೆ ದಲಿತ ವಿಮರ್ಶೆಯ ಸಂಚಿಕೆಗೆ ಬರೆಯುವಾಗ ಬೇರೆಯವರ ಪಠ್ಯವನ್ನಷ್ಟೇ ಬಗೆದು ಕೂತರೆ ಆಗದು.

ಅಳಿಸುವ ದಾರಿಯನ್ನೂ ವಿಚಾರಿಸಿದ್ದೆ. ಮಸಿಯ ಕಣಗಳು ಮೇಲ್ಚರ್ಮದ ಕೆಳಗಿನ ಪದರದಲ್ಲಿ ಕೂರುತ್ತವೆ. ಅಲ್ಲಿನ ರಕ್ಷಕ ಕೋಶಗಳು ಅವನ್ನು ನುಂಗಿ ಹಿಡಿದುಕೊಳ್ಳುತ್ತವೆ. ಆ ಕೋಶ ಸತ್ತರೆ ಅದರ ಮಸಿಯನ್ನು ಹೊಸದಾಗಿ ಬಂದ ಕೋಶ ನುಂಗುತ್ತದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ತೋರಿಸಿದರು. ಹಚ್ಚೆ ಉಳಿಯುವುದು ಹೀಗೆ, ಕೈಯಿಂದ ಕೈಗೆ ದಾಟುತ್ತ. ಲೇಸರ್ ಬೆಳಕು ಕಣಗಳನ್ನು ಪುಡಿ ಮಾಡುತ್ತದೆ, ಮೈ ಅದನ್ನು ನಿಧಾನವಾಗಿ ಸಾಗಿಸುತ್ತದೆ. ವಾರಗಟ್ಟಲೆ ಅಂತರ ಕೊಟ್ಟು ಹಲವು ಸಲ ಮಾಡಿಸಬೇಕು. ಹಸಿರು, ಹಳದಿಗಿಂತ ಕಪ್ಪು ಬೇಗ ಹೋಗುತ್ತದೆ. ಆದರೆ ನಮ್ಮಂಥ ಕಪ್ಪು ಚರ್ಮದಲ್ಲಿ ಆ ಬೆಳಕನ್ನು ಚರ್ಮದ ಬಣ್ಣವೂ ಹೀರಿಕೊಳ್ಳುವುದರಿಂದ ಸುಟ್ಟು ಬಿಳಿ ಮಚ್ಚೆ ಉಳಿಯುವ ಅಪಾಯ ಹೆಚ್ಚು. ಅದಕ್ಕೇ ಬಲ್ಲ ವೈದ್ಯರು 1064 ನ್ಯಾನೋಮೀಟರಿನ ಬೆಳಕನ್ನು ಆರಿಸುತ್ತಾರೆ. ಊರ ಬ್ಯೂಟಿ ಪಾರ್ಲರಿನಲ್ಲಿ ಮಾಡಿಸುವ ಕೆಲಸ ಇದಲ್ಲ. ‘ಜೈ ಭಿಮ್’ ಇದ್ದ ಜಾಗದಲ್ಲಿ ಬಿಳಿ ಅಕ್ಷರದ ‘ಜೈ ಭಿಮ್’ ಉಳಿದರೆ ಅನ್ನುವ ಯೋಚನೆಗೆ ನಗು ಬಂದು ಬಿಟ್ಟುಬಿಟ್ಟೆ. ದುಡ್ಡೂ ಇರಲಿಲ್ಲ ಅನ್ನಿ.

ಹುಡುಗರಿಗೆ ತಿಳಿಯಬೇಕಾದ ಇನ್ನೊಂದು ಸಂಗತಿ ನೇಮಕಾತಿಯದು. ಸೇನೆಯ ನಿಯಮದಲ್ಲಿ ಮುಂಗೈಯ ಒಳಮೈ ಮತ್ತು ಹಸ್ತದ ಹಿಂಬದಿಯ ಹಚ್ಚೆಗಷ್ಟೇ ಒಪ್ಪಿಗೆ. ಸಂಪ್ರದಾಯದಂತೆ ಹಚ್ಚೆ ಇರುವ ಬುಡಕಟ್ಟಿನವರಿಗೆ ವಿನಾಯಿತಿ ಉಂಟು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮುಂಗೈಯಾದರೆ ಎಡಗೈ ಮಾತ್ರ, ಅದು ಸೆಲ್ಯೂಟ್ ಹೊಡೆಯದ ಕೈ. ಆ ಭಾಗದ ಕಾಲುಭಾಗಕ್ಕಿಂತ ಚಿಕ್ಕದಿರಬೇಕು, ಧಾರ್ಮಿಕ ಚಿಹ್ನೆ, ಆಕೃತಿ ಅಥವಾ ಹೆಸರು ಆಗಿರಬೇಕು. ‘ಜೈ ಭೀಮ್’ ಧಾರ್ಮಿಕವೋ ಅಲ್ಲವೋ ಎಂದು ಬನಿಯನ್ನಿನಲ್ಲಿ ನಿಂತ ಹುಡುಗ ವೈದ್ಯರ ಮುಂದೆ ವಾದ ಮಾಡಲಾಗುತ್ತದೆಯೇ? ಪ್ರೀತಿಸಿದವಳ ಹೆಸರು ಬರೆಸಿಕೊಳ್ಳುವವರಿಗೆ ನಾನು ಹೇಳುವುದು ಇನ್ನೂ ಕಡಿಮೆ. ಮೇಲಿನ ಜಾತಿಯ ಹುಡುಗಿಯ ಹೆಸರು ಕೈಮೇಲಿರುವ ಕೇರಿಯ ಹುಡುಗನಿಗೆ ಈ ದೇಶ ಪಶ್ಚಾತ್ತಾಪ ಪಡುವಷ್ಟು ಆಯುಷ್ಯವನ್ನೂ ಕೆಲವೊಮ್ಮೆ ಕೊಡುವುದಿಲ್ಲ.

ಹದಿನೇಳಕ್ಕೆ ಬೇಡ ಎಂದು ನಾನೂ ಹೇಳುತ್ತೇನೆ, ಆದರೆ ಮನಸ್ಸು ಬದಲಾಗುತ್ತದೆ ಎಂಬ ಕಾರಣಕ್ಕಲ್ಲ. ನನ್ನ ಮನಸ್ಸು ಬದಲಾಗಿಲ್ಲ. ಅದನ್ನು ಓದುವವರು ಯಾರೆಂದು ಹದಿನೇಳಕ್ಕೆ ನನಗೆ ಗೊತ್ತಿರಲಿಲ್ಲ. ಬಾಡಿಗೆ ಮನೆ, ಸ್ಟಾಫ್ ರೂಮು, ಸಂದರ್ಶನ ಇವನ್ನೆಲ್ಲ ಒಂದು ಸುತ್ತು ನೋಡಿ, ಆಮೇಲೂ ಬೇಕೆನಿಸಿದರೆ ಹೊಸ ಸೂಜಿಯಲ್ಲಿ ಹಾಕಿಸಿಕೊಳ್ಳಲಿ.

ಕಳೆದ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಬಂದ. ಬೆಳಗಿನ ಜಾವ ಎದ್ದು ಪೊಲೀಸ್ ಪಡೆಯ ಆಯ್ಕೆಗೆ ಓಡುತ್ತಿರುವವನು. ಬಲಗೈ ಮೇಲೆ ಪೆನ್ನಿನಲ್ಲಿ ದಪ್ಪಗೆ ಬರೆದುಕೊಂಡಿದ್ದ. ‘ಸಾರ್, ಕಾಗುಣಿತ ಸರಿ ಇದೆಯಾ ನೋಡಿ’ ಅಂದ. ದೀರ್ಘ ಇತ್ತು. ನಾನು ತೋಳು ಮಡಚಿ ನನ್ನದನ್ನೂ ಪಕ್ಕದಲ್ಲಿಟ್ಟೆ. ಅವನು ಒಮ್ಮೆ ಅದನ್ನು, ಒಮ್ಮೆ ನನ್ನ ಮುಖವನ್ನು ನೋಡಿ ಸುಮ್ಮನಾದ. ‘ಕಾಗುಣಿತ ಸರಿ ಇದೆ, ಕೈ ತಪ್ಪು’ ಅಂದೆ. ಅವನು ಪೆನ್ನು ತೆಗೆದು ಎಡಗೈಗೆ ಬರೆಯತೊಡಗಿದ.