ಮೈಗೆ ಒಗ್ಗಿದ ಮಾತ್ರೆ

‘ಆ ಮಾತ್ರೆ ಮೈಗೆ ಒಗ್ಗಿಹೋಗಿದೆ, ಇನ್ನು ನಾಟುವುದಿಲ್ಲ’ ಎಂಬ ಮಾತು ಓದಿದವರ ಬಾಯಲ್ಲೂ ಸಲೀಸಾಗಿ ಬರುವುದನ್ನು ಕೇಳಿದರೆ, ಎಪ್ಪತ್ತು ವರ್ಷಗಳ ಸಂಶೋಧನೆ ಯಾರ ಕಿವಿಗೂ ಬೀಳಲಿಲ್ಲವೇನೋ ಎಂಬ ಅನುಮಾನ ಮೂಡುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಗಳಾದ ಪ್ರತಿಜೈವಿಕಗಳಿಗೆ ಮಣಿಯದೆ ನಿಲ್ಲುವುದು ಬ್ಯಾಕ್ಟೀರಿಯಾವೇ ಹೊರತು ರೋಗಿಯ ಮೈಯಲ್ಲ.

ಈ ಗುಣಕ್ಕೆ ಮೊದಲು ಔಷಧದ ಪರಿಚಯವಾಗಬೇಕೆಂದೂ ಇಲ್ಲ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ, ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಮಖಮಲ್ಲಿನ ಬಟ್ಟೆಯನ್ನು ಒತ್ತಿ, ಅದರ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಬೆರೆಸಿದ ತಟ್ಟೆಗಳಿಗೆ ಇಳಿಸಿದಾಗ, ಎಲ್ಲ ತಟ್ಟೆಗಳಲ್ಲೂ ಒಂದೇ ಜಾಗದ ಬ್ಯಾಕ್ಟೀರಿಯಾಗಳು ಬದುಕುಳಿದವು. ಔಷಧವನ್ನೇ ಕಾಣದ ಮೂಲ ತಟ್ಟೆಯ ಅದೇ ಜಾಗದಿಂದ ಆರಿಸಿದ ಬ್ಯಾಕ್ಟೀರಿಯಾಗಳಲ್ಲೂ ಪ್ರತಿರೋಧವಿತ್ತು. ಇನ್ನೂ ಹಿಂದಕ್ಕೆ ಹೋದರೆ, ಕೆನಡಾದ ಯೂಕಾನ್ ಪ್ರದೇಶದಲ್ಲಿ ಸುಮಾರು 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಪ್ರತಿರೋಧದ ವಂಶವಾಹಿಗಳು ದೊರೆತುದನ್ನು 2011ರಲ್ಲಿ ಪ್ರಕಟಿಸಲಾಯಿತು. ಆಗ ಯಾರ ಮೈಗೆ ಯಾವ ಮಾತ್ರೆ ಒಗ್ಗಿತ್ತೋ!

ಔಷಧ ಮಾಡುವುದು ಆಯ್ಕೆಯನ್ನು ಮಾತ್ರ: ಮಣಿಯುವವು ಸಾಯುತ್ತವೆ, ಮಣಿಯದವುಗಳಿಗೆ ಜಾಗ ತೆರವಾಗುತ್ತದೆ. ಅವು ತಮ್ಮ ಸಂತತಿಗಷ್ಟೇ ಅಲ್ಲದೆ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ಆ ಗುಣವನ್ನು ದಾಟಿಸಬಲ್ಲವು. ಆದುದರಿಂದಲೇ ಮಾತ್ರೆಯನ್ನೇ ಮುಟ್ಟದವರೂ ಇದರಿಂದ ಹೊರತಲ್ಲ. ಡಚ್ ಪ್ರವಾಸಿಗರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾಕ್ಕೆ ಹೋಗಿಬಂದವರ ಪೈಕಿ ಶೇಕಡಾ 75ರಷ್ಟು ಮಂದಿಯ ಕರುಳಿನಲ್ಲಿ, ಪೆನಿಸಿಲಿನ್ ಬಳಗದ ಅನೇಕ ಔಷಧಗಳನ್ನು ಒಡೆಯುವ ಕಿಣ್ವವನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ಹೊಸದಾಗಿ ಸೇರಿಕೊಂಡಿದ್ದವು. ಸಂಶೋಧಕರು ಈಗ ರೋಗಿಯ ಮಾದರಿಗೆ ನಿಲ್ಲದೆ ಚರಂಡಿಯ ನೀರು, ಕೋಳಿ ಸಾಕಣೆ, ನದಿಯ ಕೆಸರುಗಳಲ್ಲಿ ಈ ವಂಶವಾಹಿಗಳನ್ನು ಹುಡುಕುತ್ತಿರುವುದೂ ಇದಕ್ಕಾಗಿಯೇ.

ಇಷ್ಟಾದರೂ ಹಳೆಯ ನಂಬಿಕೆ ಅಳಿಯದಿರುವುದು ಅದು ಒದಗಿಸುವ ಅನುಕೂಲದಿಂದ: ದೋಷ ಮೈಯದಾದರೆ ಕಂಪನಿ ಬದಲಿಸಿದರೆ ಸಾಕು, ಪಕ್ಕದ ಮನೆಯವರಿಗೆ ಉಳಿದ ಮಾತ್ರೆಯನ್ನು ಕೊಟ್ಟು ಉಪಕಾರವನ್ನೂ ಮಾಡಬಹುದು. ವೈರಸ್ಸಿನಿಂದ ಬರುವ ನೆಗಡಿಗೆ ಪ್ರತಿಜೈವಿಕ ಬೇಕೆಂಬ ಹಟ ಇದೇ ಜಾತಿಯದು. ಹೇಗೂ ಹೊಸ ಔಷಧ ಬರುತ್ತದೆಂಬ ಭರವಸೆಯೂ ಅಷ್ಟೆ. ಅಮೆರಿಕದ ಎಂಐಟಿಯ ತಂಡ ಕಂಪ್ಯೂಟರಿನ ನೆರವಿನಿಂದ ಗುರುತಿಸಿ 2020ರಲ್ಲಿ ಪ್ರಕಟಿಸಿದ, ಪತ್ರಿಕೆಗಳು ಕೊಂಡಾಡಿದ ಹ್ಯಾಲಿಸಿನ್ ಇನ್ನೂ ಯಾವ ಔಷಧದ ಅಂಗಡಿಯನ್ನೂ ತಲುಪಿಲ್ಲ.